ಊರಿನ ಶಾಸಕರು ಗೊತ್ತು, ಮುಲುಂಡಿನವರು ಯಾರು?

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ಸೊಸೈಟಿಯ ಕಟ್ಟೆ ಮೇಲೆ ಕೂತವರೆಲ್ಲ ಕಾಪು, ಕುಂದಾಪುರದ ರಾಜಕೀಯ ಅರೆದು ಕುಡಿದವರೇ. ಯಾರಿಗೆ ಟಿಕೆಟ್ ತಪ್ಪಿತು, ಯಾಕೆ ತಪ್ಪಿತು, ಎಲ್ಲ ಬಾಯಿಪಾಠ. ಮೊನ್ನೆ ಸುಮ್ನೆ ಕೇಳಿದೆ, 'ನಮ್ಮ ಮುಲುಂಡ್ ಯಾವ ಲೋಕಸಭಾ ಕ್ಷೇತ್ರಕ್ಕೆ ಬರ್ತದೆ?' ಒಬ್ಬರು ಠಾಣೆ ಅಂದರು. ಇನ್ನೊಬ್ಬರು ಚಹಾ ತರಿಸುವ ಮಾತೆತ್ತಿದರು. ಮೂವತ್ತು ವರ್ಷದಿಂದ ಮುಂಬೈ ಈಶಾನ್ಯ ಕ್ಷೇತ್ರಕ್ಕೇ ವೋಟು ಹಾಕುತ್ತಿರುವವರು!

ನಾನೂ ದೊಡ್ಡ ಜಾಣನೇನಲ್ಲ. 2023ರಲ್ಲಿ ಗೇಟಿನೆದುರು ಗಟಾರದ ಮುಚ್ಚಳ ಒಡೆದಿತ್ತು. ಜನಪ್ರತಿನಿಧಿಯೊಬ್ಬರ 'ಜನಸಂಪರ್ಕ ಕಾರ್ಯಾಲಯ'ಕ್ಕೆ ಹೋಗಿ ಬಾಯಲ್ಲೇ ಹೇಳಿ ಬಂದೆ. 'ಹೋ ಕಾಕಾ, ಕರತೋ' (ಆಯ್ತು ಕಾಕಾ, ಮಾಡ್ತೇನೆ) ಅಂದ ಅಲ್ಲಿದ್ದ ಹುಡುಗ. ಮೂರು ತಿಂಗಳಾದರೂ ಮುಚ್ಚಳ ಇಲ್ಲ. ಕೊನೆಗೆ ಪಕ್ಕದ ಬಿಲ್ಡಿಂಗಿನ ರಿಟೈರ್ಡ್ ಗುಮಾಸ್ತರೊಬ್ಬರು ಪಾಠ ಹೇಳಿದರು: 'ಗಟಾರ ಪಾಲಿಕೆಯದ್ದು ಮಾರಾಯ್ರೆ, ಮುಲುಂಡಿನ ಪಾಲಿಕೆ ಕಚೇರಿ, ಟಿ ವಾರ್ಡ್ ಆಫೀಸಿಗೆ ಹೋಗಿ. ಪತ್ರದ ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸಿಕ್ಕಾ (ಮೊಹರು), ತಾರೀಕು, ಪತ್ರ ಬಂದದ್ದಕ್ಕೆ ಆವಕ ನಂಬರ್ ಹಾಕಿಸಿಕೊಳ್ಳಿ.' ಆ ನೀಲಿ ಸಿಕ್ಕಾ ಬಿದ್ದ ಕಾಗದ ಈಗಲೂ ನನ್ನ ಫೈಲಿನಲ್ಲಿದೆ. ಮುಚ್ಚಳ ಬಂತು. ನಗರಸೇವಕರ (ಪಾಲಿಕೆಯ ಚುನಾಯಿತ ಸದಸ್ಯರ) ಹತ್ತಿರ ಹೋಗೋಣ ಅಂದರೆ ಆಗ ಅವರೇ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದಿತ್ತು, ಚುನಾವಣೆ ಆಗಿರಲಿಲ್ಲ.

ಆದರೆ ಶಾಸಕರ ಅಸಲು ಕೆಲಸ ಕಾನೂನು ಮಾಡುವುದು ಅಲ್ವಾ? ಅದನ್ನು ನಾವು ಕೇಳುವುದೇ ಇಲ್ಲ. ನಮ್ಮ ಸೊಸೈಟಿ ನಡೆಯುವುದು ಮಹಾರಾಷ್ಟ್ರದ 1960ರ ಸಹಕಾರಿ ಕಾಯ್ದೆಯ ಮೇಲೆ. 2019ರಲ್ಲಿ ಅದಕ್ಕೆ ಹೌಸಿಂಗ್ ಸೊಸೈಟಿಗಳಿಗೇ ಅಂತ ಹೊಸ ಅಧ್ಯಾಯ ಸೇರಿತು. ಆಗ ನಾನೇ ಸೆಕ್ರೆಟರಿ. ನನಗೆ ಗೊತ್ತಾದದ್ದು ಆಡಿಟರ್ ಬೈದ ಮೇಲೆ!

ದಾರಿ ಇಲ್ಲ ಅಂತಲ್ಲ. ನಕ್ಸಲ್ ಸಂಘಟನೆಗಳಿಗೆ ಕಡಿವಾಣ ಹಾಕಲೆಂದು ತಂದ ಮಹಾರಾಷ್ಟ್ರದ ವಿಶೇಷ ಜನಸುರಕ್ಷಾ ವಿಧೇಯಕ (ಮಸೂದೆ) 2024ರ ಡಿಸೆಂಬರಿನಲ್ಲಿ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. ಸಮಿತಿ ಜನರ ಸಲಹೆ ಕೇಳಿತು, 12 ಸಾವಿರಕ್ಕೂ ಜಾಸ್ತಿ ಬಂದವು. 2025ರ ಜುಲೈಯಲ್ಲಿ ತಿದ್ದುಪಡಿಯಾಗಿ ಪಾಸಾಯಿತು. ಕಾನೂನು ಸರಿಯೋ ತಪ್ಪೋ, ಅದು ಬೇರೆ ಜಗಳ. ಆ ರಾಶಿಯಲ್ಲಿ ನಮ್ಮ ಕಟ್ಟೆಯವರ ಒಂದು ಕಾಗದವೂ ಇರಲಿಲ್ಲ.

ದೆಹಲಿಯದ್ದು ಇನ್ನೂ ಸುಲಭ. ಸಂಸತ್ತಿನ ಜಾಲತಾಣದಲ್ಲಿ ಎಂಪಿಯ ಇಮೇಲ್, ಅವರು ಕೇಳಿದ ಪ್ರಶ್ನೆ, ಮಂತ್ರಿಯ ಉತ್ತರ ಎಲ್ಲ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ನಿಂತು ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಕೊಟ್ಟರೆ ಆಯಿತು. ಲೋಕಲ್ ರೈಲಿನ ಗೋಳಿದ್ದರೆ ಶಾಸಕರ ಬಾಗಿಲು ತಟ್ಟಿ ಜಾಸ್ತಿ ಲಾಭವಿಲ್ಲ. ರೈಲ್ವೆ ಕೇಂದ್ರದ್ದು, ಎಂಪಿಗೆ ಬರೆಯಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ತಾಳಮದ್ದಳೆ, ಭಜನೆ ಎಲ್ಲೆಲ್ಲಿ ಅಂತ ಪತ್ರಿಕೆಯಲ್ಲಿ ಹಾಕುತ್ತೀರಿ. ಅಧಿವೇಶನದ ದಿನಗಳಲ್ಲಿ, ಅದು ಇಲ್ಲಿನ ವಿಧಾನ ಭವನದಲ್ಲಿರಲಿ, ಚಳಿಗಾಲದಲ್ಲಿ ನಾಗಪುರದಲ್ಲಿರಲಿ, ಅದರ ಪಕ್ಕ ನಾಲ್ಕು ಸಾಲು ಹಾಕಿ: ಯಾವ ವಿಧೇಯಕ ಬಂತು, ಯಾವ ಸಮಿತಿಗೆ ಹೋಯಿತು, ಸಲಹೆ ಕಳಿಸಲು ಕೊನೆಯ ದಿನ ಯಾವುದು. ಮರಾಠಿಯಲ್ಲಿ ಬರೆದುಕೊಡಲು ನಮ್ಮ ಸೊಸೈಟಿಯಲ್ಲೇ ಮಕ್ಕಳಿದ್ದಾರೆ.

ಇಂತಿ,
ನಿಮ್ಮ ಹಳೆಯ ಓದುಗ
ಮುಲುಂಡ್, ಮುಂಬೈ