ಬಿಲ್ ಕೊಡುವ ಹೊತ್ತು: ಮಗಳಿಗೊಂದು ಪತ್ರ

ತುಮಕೂರು
ಸೋಮವಾರ ಮಧ್ಯಾಹ್ನ

ಪುಟ್ಟಿ,

ಮೊನ್ನೆ ಬೆಂಗಳೂರಿನ ನಿನ್ನ ಟ್ರೈನಿಂಗ್ ಹೋಟೆಲಿನಿಂದ ಫೋನ್ ಮಾಡಿದಾಗ ನೀನಂದೆ: "ಅಪ್ಪಾ, ನಾನೂ ಅಷ್ಟೇ ಓಡಾಡ್ತೀನಿ, ನಗುನಗುತ್ತಾನೇ ಮಾತಾಡಿಸ್ತೀನಿ. ಆದ್ರೂ ಪಕ್ಕದ ಟೇಬಲ್ಲಿಗೆ ಬಡಿಸೋ ಹುಡುಗನಿಗೇ ಟಿಪ್ಸ್ ಜಾಸ್ತಿ." ಉತ್ತರ ಹೇಳುವಷ್ಟರಲ್ಲಿ ನಿನ್ನನ್ನು ಯಾರೋ ಕರೆದರು. ನಿನ್ನ ಶಿಫ್ಟ್ ಮುಗಿಯುವಾಗ ನಾನು ಮಲಗಿರುತ್ತೇನೆ, ನಾನು ಬೆಳಗಿನ ಹೋಟೆಲ್ ಬಾಗಿಲು ತೆಗೆಯುವಾಗ ನೀನು ಮಲಗಿರುತ್ತೀಯ. ಅದಕ್ಕೇ ಈ ಕಾಗದ.

ನೀನು ಫೋಟೋ ತೆಗೆದು ಕಳಿಸಿದ ಕಾಲೇಜಿನ ನೋಟ್ಸ್ ಪೂರ್ತಿ ಓದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಅನ್ನೋ ಮೇಷ್ಟ್ರು ಟಿಪ್ಸ್ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರಂತಲ್ಲ, ಸಂತೋಷ ಆಯ್ತು. ಹೆಸರು ಹೇಳಿ ಪರಿಚಯ ಮಾಡಿಕೋ, ಬಿಲ್ಲಿನ ಮೇಲೆ ನಗುಮುಖ ಬರಿ, ಭುಜ ಮುಟ್ಟಿ ಮಾತಾಡಿಸು ಅನ್ನುತ್ತೆ ನೋಟ್ಸ್. ಇದೆಲ್ಲ ಅಲ್ಲಿನ ಲೆಕ್ಕ. ಅಮೆರಿಕದಲ್ಲಿ ಟಿಪ್ಸ್ ಪಡೆಯುವವರಿಗೆ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರ್. ಅಲ್ಲಿ ಎಷ್ಟೋ ಕಡೆ ಗಿರಾಕಿ ಕೊಡುವುದೇ ಅವರ ಸಂಪಾದನೆಯ ದೊಡ್ಡ ಪಾಲು. ಬಿಲ್ಲಿಗೆ ಇಂತಿಷ್ಟು ಪರ್ಸೆಂಟ್ ಅಂತ ಕೊಡುವುದರಿಂದ ಬಿಲ್ ದೊಡ್ಡದಾದಷ್ಟೂ ಅವರಿಗೆ ಲಾಭ. ನಮ್ಮಲ್ಲಿ ಹತ್ತೋ ಇಪ್ಪತ್ತೋ ಐವತ್ತೋ, ಕೈಗೆ ಸಿಕ್ಕ ನೋಟು. ಅಲ್ಲಿನ ಥರ ಇನ್ನೊಂದು ಐಟಂ ತಗೊಳ್ಳಿ, ಮತ್ತೊಂದು ತಗೊಳ್ಳಿ ಅಂತ ತಲೆಗೆ ಕಟ್ಟಲು ಹೋದರೆ ಜನ ಮುಖ ಸಿಂಡರಿಸುತ್ತಾರೆ.

ಆ ನೋಟ್ಸ್‌ನಲ್ಲಿ ನನಗೆ ಹಿಡಿಸಿದ್ದು ಎರಡೇ. ಒಂದು, 2003ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾಡಿದ ಪರೀಕ್ಷೆ. ಗಿರಾಕಿ ಹೇಳಿದ ಆರ್ಡರನ್ನು ಅವರ ಮಾತಿನಲ್ಲೇ ತಿರುಗಿ ಹೇಳಿದವರಿಗೆ ಟಿಪ್ಸ್ ಜಾಸ್ತಿ ಬಂತಂತೆ. ಬರದೇ ಏನು? "ಒಂದು ಮಸಾಲೆ, ಪಲ್ಯ ಬೇರೆ ಕಪ್ಪಲ್ಲಿ, ಎರಡು ಕಾಫಿ, ಒಂದಕ್ಕೆ ಸಕ್ಕರೆ ಬೇಡ" ಅಂತ ನೀನು ವಾಪಸ್ ಒಪ್ಪಿಸಿದರೆ, ಇವಳು ಕೇಳಿಸಿಕೊಂಡಳು ಅಂತ ಅವರಿಗೆ ಸಮಾಧಾನ. ಬರೀ ತಲೆಯಾಡಿಸಿ ಬಂದರೆ, ಐಟಂ ಬರುವ ತನಕ ಅವರಿಗೆ ಅನುಮಾನ. ಇನ್ನೊಂದು, ಬಿಲ್ ಜೊತೆ ಚಾಕೊಲೇಟ್ ಕೊಟ್ಟರೆ ಟಿಪ್ಸ್ ಏರುತ್ತದೆ ಅಂತ 2002ರಲ್ಲಿ ಬರೆದದ್ದು. ನಮ್ಮ ಸೋಂಪು, ಕಲ್ಲುಸಕ್ಕರೆ ತಟ್ಟೆ ಅದೇ ಕೆಲಸ ಮಾಡಿಕೊಂಡು ಬಂದಿದೆ ಬಿಡು.

ಈಗ ಆ ಹುಡುಗನ ವಿಷಯ. ಒಂದು ದಿನ ಅವನನ್ನು ಗಮನಿಸಿ ನೋಡು. ಊಟ ಬಡಿಸುವಾಗ ಬೇಡ, ಬಿಲ್ ಕೊಡುವಾಗ ನೋಡು. ಗಿರಾಕಿ ಜೇಬಿಗೆ ಕೈ ಹಾಕುವುದು ಆಗ ತಾನೇ? ಊಟವೆಲ್ಲ ಸೊಗಸಾಗಿದ್ದು, ಬಿಲ್ಲಿಗೆ ಹತ್ತು ನಿಮಿಷ ಕಾಯಿಸಿದರೆ ಅಷ್ಟೂ ಕೆಟ್ಟಿತು. ನಮ್ಮ ಬಿ.ಎಚ್. ರಸ್ತೆಯ ಹೋಟೆಲಿಗೆ ಬೆಳಗ್ಗೆ ಬೆಂಗಳೂರು ರೈಲಿಗೆ ಹೋಗುವವರು ಬರುತ್ತಾರೆ, ಹನ್ನೊಂದರ ಹೊತ್ತಿಗೆ ಕೋರ್ಟಿನ ವಕೀಲರು, ಅಂತರಸನಹಳ್ಳಿ ಮಾರ್ಕೆಟ್ಟಿನ ವ್ಯಾಪಾರಿಗಳು. ರೈಲಿನವರಿಗೆ ಕೊನೆಯ ಐಟಂ ಇಡುವಾಗಲೇ "ಬಿಲ್ ಮಾಡಿಸ್ಲಾ ಸಾರ್?" ಅನ್ನುತ್ತೇನೆ. ವಕೀಲರಿಗೆ ಹಾಗೆ ಕೇಳಿದರೆ ಎಬ್ಬಿಸಿ ಕಳಿಸಿದ ಹಾಗಾಗುತ್ತದೆ. ಅವರು ಕೇಸಿನ ಮಾತು ಮುಗಿಸಿ ಗಲ್ಲಾ ಕಡೆ ತಿರುಗುವವರೆಗೂ ಸುಮ್ಮನಿರಬೇಕು, ತಿರುಗಿದ ಕೂಡಲೇ ಬಿಲ್ ಮುಂದೆ ಇರಬೇಕು. ಇದಕ್ಕೆ ನೋಟ್ಸ್ ಇಲ್ಲಮ್ಮ, ಕಣ್ಣು ಬೇಕು ಅಷ್ಟೇ.

ಆಮೇಲೆ ಚಿಲ್ಲರೆ. 410 ರೂಪಾಯಿ ಬಿಲ್ಲಿಗೆ 500ರ ನೋಟು ಕೊಟ್ಟರು ಅಂದುಕೋ. 90 ವಾಪಸ್. ಒಂದು 50, ಎರಡು 20 ತಂದರೆ ನಿನಗೆ ಇಪ್ಪತ್ತು ಬಿಡಬೇಕೋ ಏನೂ ಬಿಡಬಾರದೋ ಅಂತ ಅವರು ಯೋಚಿಸುತ್ತಾರೆ. ಎಷ್ಟೋ ಜನ ಬಾಚಿಕೊಂಡು ಹೋಗುತ್ತಾರೆ. ಒಂದು 50, ಒಂದು 20, ಎರಡು 10 ತಂದು ಹತ್ತರ ನೋಟುಗಳನ್ನು ಮೇಲಿಡು. ದೊಡ್ಡದನ್ನು ಎತ್ತಿಕೊಂಡು ಚಿಕ್ಕದನ್ನು ಬಿಡುವುದು ಸುಲಭ. ಆದರೆ ಅತಿ ಮಾಡಬೇಡ. ಬೇಕಂತಲೇ ಬರೀ ನಾಣ್ಯ ತಂದು ಸುರಿದರೆ ಅವರಿಗೆ ಗೊತ್ತಾಗುತ್ತೆ. ತಟ್ಟೆ ಇಟ್ಟ ಮೇಲೆ ಅಲ್ಲಿ ನಿಲ್ಲಲೇಬೇಡ. ಪಕ್ಕದ ಟೇಬಲ್ಲಿಗೆ ನೀರು ಹಾಕಲು ಹೋಗು. ಎಷ್ಟು ಬಿಟ್ಟರು ಅಂತ ಅವರ ಎದುರೇ ಎಣಿಸುವ ಹುಡುಗರನ್ನು ಕಂಡರೆ ನನಗಂತೂ ಮೈ ಉರಿಯುತ್ತದೆ.

ಶನಿವಾರ, ಭಾನುವಾರ ದೇವರಾಯನದುರ್ಗಕ್ಕೆ ಹೋಗುವ ಬೆಂಗಳೂರಿನವರು ನಮ್ಮಲ್ಲಿ ತಿಂಡಿಗೆ ನಿಲ್ಲುತ್ತಾರೆ. ಹಸಿದು ಬಂದವರು, ಕೂತ ತಕ್ಷಣ ತಲೆಗೆ ಎರಡೆರಡು ತಟ್ಟೆ ಇಡ್ಲಿ ಹೇಳುತ್ತಾರೆ. "ಮೊದಲು ಒಂದೊಂದು ತಗೊಳ್ಳಿ ಸಾರ್, ಸಾಲದಿದ್ರೆ ಇನ್ನೊಂದು ಬಿಸಿಬಿಸಿ ತರ್ತೀನಿ" ಅನ್ನುತ್ತೇನೆ. ಬಿಲ್ ಕಮ್ಮಿ ಆಯಿತು, ಓನರಿಗೆ ಒಂದಿಷ್ಟು ಖೋತಾ, ನಿಜ. ಆದರೆ ಅವರು ವಾಪಸ್ ಹೋಗುವಾಗ ಕಾಫಿಗೆ ಮತ್ತೆ ಇಲ್ಲೇ ನಿಲ್ಲಿಸುತ್ತಾರೆ, ನಾನೆಲ್ಲಿ ಅಂತ ಹುಡುಕುತ್ತಾರೆ. ಜೊತೆಗೆ ಪುಟ್ಟ ಮಗು ಇದ್ದರೆ ಯಾರೂ ಕೇಳುವ ಮೊದಲೇ ಒಂದು ಖಾಲಿ ತಟ್ಟೆ, ಸಣ್ಣ ಚಮಚ, ಸಕ್ಕರೆ ತಂದಿಡು. ಮಗು ಸುಮ್ಮನಾದರೆ ಅಮ್ಮ ಬಿಸಿ ಇರುವಾಗಲೇ ತಿನ್ನುತ್ತಾಳೆ. ವಯಸ್ಸಾದವರಿಗೆ ಬಿಸಿನೀರು. ಸಾಂಬಾರ್ ಎರಡನೇ ಸಲ ಅವರೇ ಕೇಳುವಂತೆ ಮಾಡಬಾರದು.

ನಿನ್ನ ಕಾಲದ ತೊಂದರೆ ಬೇರೆ. ಎಲ್ಲರೂ ಸ್ಕ್ಯಾನ್ ಮಾಡುತ್ತಾರೆ. 410 ಅಂದರೆ 410, ಪೈಸೆ ಆಚೀಚೆ ಇಲ್ಲ. ಉಳಿಯುವ ಚಿಲ್ಲರೆಯೇ ಇಲ್ಲದ ಮೇಲೆ ಬಿಡುವುದು ಏನನ್ನು? ನಿಮ್ಮ ಮ್ಯಾನೇಜರನ್ನು ನೇರವಾಗಿ ಕೇಳು: ಟಿಪ್ಸಿಗೆ ಬೇರೆ ಕ್ಯೂಆರ್ ಇಡಬಹುದಾ, ಇಟ್ಟರೆ ಎಲ್ಲರಿಗೂ ಹಂಚುವುದು ಹೇಗೆ ಅಂತ. ಅವರು ಒಪ್ಪದೆ ನಿನ್ನ ಸ್ವಂತ ಕ್ಯೂಆರನ್ನು ಬಿಲ್ ಪಕ್ಕ ಇಡಬೇಡ, ಗಿರಾಕಿ ಬಿಲ್ ದುಡ್ಡನ್ನೇ ಅದಕ್ಕೆ ಹಾಕಿಬಿಟ್ಟರೆ ಕಳ್ಳತನದ ಮಾತು ಬರುತ್ತದೆ. ಯಾರಾದರೂ ತಾವಾಗಿ "ನಿಮ್ಮ ನಂಬರ್ ಕೊಡಿ, ಹಾಕ್ತೀನಿ" ಅಂದರೆ ಮೊಬೈಲ್ ನಂಬರ್ ಮಾತ್ರ ಕೊಡಬೇಡ. ಯುಪಿಐ ಐಡಿಯಲ್ಲಿ ಎಷ್ಟೋ ಸಲ ಫೋನ್ ನಂಬರೇ ಇರುತ್ತದೆ. ಆ್ಯಪಿನಲ್ಲಿ ನಂಬರ್ ಇಲ್ಲದ ಇನ್ನೊಂದು ಐಡಿ ಮಾಡಿಕೊಳ್ಳಬಹುದು. ಇವತ್ತೇ ಮಾಡಿಕೋ.

ನಿಮ್ಮಲ್ಲಿ ಬಿಲ್ಲಿಗೆ ಸರ್ವೀಸ್ ಚಾರ್ಜ್ ಸೇರಿಸುತ್ತಾರೆ ಅಂದೆಯಲ್ಲ. ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ದೆಹಲಿ ಹೈಕೋರ್ಟ್ ಕೂಡ 2025ರ ಮಾರ್ಚ್ 28ರಂದು ಅದನ್ನೇ ಎತ್ತಿ ಹಿಡಿಯಿತು. ತೆಗೆಯಿರಿ ಅಂತ ಗಿರಾಕಿ ಕೇಳಿದರೆ ನೀನು ವಾದ ಮಾಡಲು ಹೋಗಬೇಡ, ಮ್ಯಾನೇಜರನ್ನು ಕರೆ. ಬಿಲ್ಲಿನಲ್ಲಿ ಆ ಸಾಲು ಕಂಡವರು ಟಿಪ್ಸ್ ಕೊಟ್ಟಾಯಿತು ಅಂತಲೇ ಎದ್ದು ಹೋಗುತ್ತಾರೆ. ಪಾಪ, ಆ ದುಡ್ಡು ನಿನ್ನ ಕೈಗೆ ಬರುತ್ತಾ ಇಲ್ವಾ ಅಂತ ಅವರಿಗೆ ಹೇಗೆ ಗೊತ್ತು? ಕೆಲವರು ಜಿಎಸ್‌ಟಿಯಲ್ಲೇ ನಿನ್ನ ಪಾಲೂ ಇದೆ ಅಂದುಕೊಂಡಿರುತ್ತಾರೆ! ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು.

ಇನ್ನೊಂದು ಮಾತು, ನಿಮ್ಮಮ್ಮ ಹೇಳು ಅಂದಿದ್ದು, ನಾನೂ ಹೇಳಬೇಕಾದ್ದೇ. ಹೆಣ್ಣುಮಕ್ಕಳು ನಕ್ಕರೆ ಟಿಪ್ಸ್ ಜಾಸ್ತಿ ಅಂತ ಯಾರಾದರೂ ಕಲಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಕೈ ಹಿಡಿದು ನೋಟು ಕೊಡುವವನ ದುಡ್ಡು ಬೇಡ. ತಟ್ಟೆಯಲ್ಲಿ ಇಡಿ ಅನ್ನು. ಮತ್ತೆ ಮಾಡಿದರೆ ಆ ಟೇಬಲ್ ಬೇರೆಯವರಿಗೆ ಕೊಡಿ ಅಂತ ಮ್ಯಾನೇಜರಿಗೆ ಹೇಳು. ಅವರು ಕೇಳದಿದ್ದರೆ ಕೆಲಸ ಬಿಟ್ಟು ಬಾ. ನಿನ್ನ ಟ್ರೈನಿಂಗಿಗೆ ಬೇರೆ ಹೋಟೆಲ್ ಸಿಕ್ಕೇ ಸಿಗುತ್ತದೆ.

ಬಂದದ್ದರಲ್ಲಿ ಟೇಬಲ್ ಒರೆಸುವ ಹುಡುಗನಿಗೆ ಕೊಡುವುದನ್ನು ಮರೆಯಬೇಡ. ಅವನು ಎಂಜಲು ತಟ್ಟೆ ಬೇಗ ಎತ್ತಿದರೇ ನಿನ್ನ ಟೇಬಲ್ಲಿಗೆ ಮುಂದಿನವರು ಕೂರುವುದು. ಅಡುಗೆ ಮನೆಯವರ ಜೊತೆಗೂ ಚೆನ್ನಾಗಿರು, ನಿನ್ನ ದೋಸೆ ಮೊದಲು ಬರುತ್ತದೆ.

ಕಾಲು ನೋವು ಅಂದಿದ್ದೆ. ಬರುವ ವಾರ ನಮ್ಮ ಹೋಟೆಲಿನ ಹುಡುಗ ಬೆಂಗಳೂರಿಗೆ ಬರುತ್ತಿದ್ದಾನೆ, ಅವನ ಕೈಲಿ ಚಟ್ನಿಪುಡಿ ಕಳಿಸುತ್ತಿದ್ದಾಳೆ ಅಮ್ಮ. ಜೊತೆಗೆ ಶೂ ತಗೊಳ್ಳಲು ದುಡ್ಡು ಇಟ್ಟಿದ್ದೇನೆ. ಒಂದು ಸೈಜ್ ದೊಡ್ಡದೇ ತಗೋ, ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತೆ.

ನಿನ್ನ ಅಪ್ಪ