ಅಜ್ಜಿಯರಿಗೂ ಬೇಕು ಸ್ತನ ತಪಾಸಣೆ

ಮಾನ್ಯರೇ,

ವಯಸ್ಸಾಗುವಿಕೆಯ ಜೀನ್‌ಗಳಿಗೂ ಸ್ತನ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಬಂದ ವರದಿ ಓದಿದ ಮೇಲೆ ಕೇಳಬೇಕೆನಿಸಿತು: ವಯಸ್ಸಿನ ಜೊತೆ ಅಪಾಯವೂ ಏರುವುದಾದರೆ ತಪಾಸಣೆ 65ಕ್ಕೇ ಯಾಕೆ ನಿಲ್ಲಬೇಕು? 2016ರ ಕೇಂದ್ರದ ಮಾರ್ಗಸೂಚಿ ಇದಕ್ಕೆ ಹಾಕಿದ ಗೆರೆ 30ರಿಂದ 65 ವರ್ಷ. ನಮ್ಮಲ್ಲಿ ಈ ಕಾಯಿಲೆ ನಲವತ್ತು, ಐವತ್ತರಲ್ಲೇ ಬರುವುದು ಜಾಸ್ತಿ, ಹಾಗಾಗಿ 30ಕ್ಕೆ ಶುರು ಮಾಡಿದ್ದು ಸರಿಯೇ. ತಕರಾರು ಇರುವುದು ಕೊನೆಯ ಗೆರೆಯ ಬಗ್ಗೆ.

ಬಿಆರ್‌ಸಿಎ1, ಪಿ53ಯಂಥ ಜೀನ್‌ಗಳು ಡಿಎನ್ಎಗೆ ಆಗುವ ಹಾನಿಯನ್ನು ರಿಪೇರಿ ಮಾಡಲು, ಕೆಟ್ಟ ಕೋಶ ಬೆಳೆಯದಂತೆ ತಡೆಯಲು ನೆರವಾಗುತ್ತವೆ. ವರ್ಷ ಕಳೆದಂತೆ ಸಣ್ಣಪುಟ್ಟ ದೋಷಗಳು ಸೇರುತ್ತಾ ಹೋಗುತ್ತವೆ, ಕಾವಲು ಸಡಿಲವಾಗುತ್ತದೆ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂದು ಸುಮ್ನೆ ಕೂರುವಂತಿಲ್ಲ. ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುವುದು ನೂರರಲ್ಲಿ ಐದರಿಂದ ಹತ್ತು ಪ್ರಕರಣ ಮಾತ್ರ.

ಎಪ್ಪತ್ತರ ಅಜ್ಜಿ ಗಂಟು ಕೈಗೆ ಸಿಕ್ಕರೂ ಸೆರಗಿನಡಿ ಮುಚ್ಚಿಟ್ಟುಕೊಳ್ಳುತ್ತಾರೆ. ನೋವಿಲ್ಲವಲ್ಲ, ಈ ವಯಸ್ಸಲ್ಲಿ ಯಾರಿಗೆ ತೋರಿಸೋದು ಎಂಬ ಸಂಕೋಚ ಬೇರೆ. ಆರಂಭದಲ್ಲಿ ಹೆಚ್ಚಿನ ಗಂಟುಗಳು ನೋಯುವುದೇ ಇಲ್ಲ, ತೊಂದರೆ ಅದೇ ಅಲ್ವಾ?

ಬಿಪಿ, ಶುಗರ್ ವಿಚಾರಿಸಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಈ ಅಜ್ಜಿಯರನ್ನೂ ಒಂದು ಮಾತು ಕೇಳಲಿ. ಆರೋಗ್ಯವಾಗಿರುವ ಹಿರಿಯರಿಗೆ 65ರ ನಂತರವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಹಿಳಾ ಸಿಬ್ಬಂದಿಯಿಂದ ಸ್ತನ ಪರೀಕ್ಷೆ ಮಾಡಿಸಲು ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕು.

– ಓದುಗರೊಬ್ಬರು, ಹಾಸನ