ಬ್ರೈಲ್ ಕಡತದಲ್ಲಿ ಚುಕ್ಕೆಗಳೇ ಇರಲಿ

ಮಾನ್ಯರೇ,

ಪಠ್ಯವನ್ನು ಬ್ರೈಲಿಗೆ ಪರಿವರ್ತಿಸುವ ಕೆಲವು ತಂತ್ರಾಂಶಗಳು ಇಂದಿಗೂ ಬಿಆರ್‌ಎಫ್ (ಬ್ರೈಲ್ ರೆಡಿ ಫಾರ್ಮ್ಯಾಟ್) ಎಂಬ ಬಗೆಯ ಕಡತವನ್ನಷ್ಟೇ ಕೊಡುತ್ತವೆ. ಅವುಗಳಲ್ಲಿ, ಜಗತ್ತಿನ ಲಿಪಿಗಳ ಪ್ರತಿ ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯ ಔಟ್‌ಪುಟ್ ಕೂಡ ಸಿಗುವಂತಾಗಬೇಕು.

ಬಿಆರ್‌ಎಫ್‌ನಲ್ಲಿ ಇರುವುದು ಚುಕ್ಕೆಗಳಲ್ಲ. ಆರು ಚುಕ್ಕೆಗಳಿಂದಾಗುವ 64 ವಿನ್ಯಾಸಗಳಿಗೆ ಬದಲಿಯಾಗಿ ನಿಂತ 64 ಆಸ್ಕಿ ಚಿಹ್ನೆಗಳು, ಅಂದರೆ ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಅಂಕಿ, ಗುರುತುಗಳು. ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿಯಾದ ಭಾರತಿ ಬ್ರೈಲ್‌ನಲ್ಲಿ ‘ಕನ್ನಡ’ ಎಂದು ಬರೆದು, ಅಮೆರಿಕದ ಪದ್ಧತಿಯಂತೆ ಉಳಿಸಿದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಇಂಗ್ಲಿಷಿನ ಕೆ, ಇಮೇಲ್ ವಿಳಾಸದಲ್ಲಿ ಬರುವ ಆ್ಯಟ್ ಚಿಹ್ನೆ, ಎರಡು ಎನ್, ಕೊನೆಗೊಂದು ಡಾಲರ್! ಅರ್ಧಾಕ್ಷರ ಸೂಚಿಸುವ 4ನೇ ಚುಕ್ಕೆ ಆ್ಯಟ್ ಆಗಿದೆ, ಡಕಾರದ 1-2-4-6 ಚುಕ್ಕೆಗಳು ಡಾಲರ್ ಆಗಿವೆ. ಬ್ರೈಲ್ ಫಾಂಟ್ ಹಾಕಿದರೆ ಚುಕ್ಕೆ ಕಾಣುತ್ತದೆ ನಿಜ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಳಿಸಿದರೆ ಮತ್ತೆ ಡಾಲರೇ. ಸಾಲದ್ದಕ್ಕೆ, ಯಾವ ವಿನ್ಯಾಸಕ್ಕೆ ಯಾವ ಚಿಹ್ನೆ ಎಂಬ ಪಟ್ಟಿ ಎಲ್ಲೆಡೆ ಒಂದೇ ಅಲ್ಲ. ಕಾಗದದ ಮೇಲೆ ಚುಕ್ಕೆ ಒತ್ತುವ ಯಂತ್ರವಾದ ಎಂಬಾಸರ್ ಅನ್ನು ಬೇರೆ ಪಟ್ಟಿಗೆ ಹೊಂದಿಸಿದ್ದರೆ ತಪ್ಪು ಚುಕ್ಕೆಗಳು ಒತ್ತಿ ಬಂದು ಕಾಗದವೆಲ್ಲ ದಂಡ.

ಯೂನಿಕೋಡ್ 1999ರಲ್ಲೇ, ತನ್ನ 3.0 ಆವೃತ್ತಿಯಲ್ಲಿ, ಬ್ರೈಲಿಗೆ 256 ಸ್ಥಾನ ಕೊಟ್ಟಿದೆ. ಎಂಟು ಚುಕ್ಕೆಗಳ ಬ್ರೈಲ್ ಕೂಡ ಅದರಲ್ಲಿ ಪೂರ್ತಿ ಹಿಡಿಯುತ್ತದೆ. ಪ್ರತಿ ಚುಕ್ಕೆಗೂ ಒಂದೊಂದು ಬಿಟ್ ಇರುವುದರಿಂದ, ಯಾವ ಚುಕ್ಕೆಗಳೆಂದು ಗೊತ್ತಾದರೆ ಸಂಕೇತವನ್ನು ಲೆಕ್ಕ ಹಾಕಿಯೇ ಪಡೆಯಬಹುದು. ಪರಿವರ್ತನೆಯ ನಿಯಮಗಳನ್ನು ಮುಟ್ಟುವ ಅಗತ್ಯವಿಲ್ಲ, ಕೊನೆಯಲ್ಲಿ ಕಡತ ಬರೆಯುವ ಭಾಗಕ್ಕಷ್ಟೇ ಕೆಲಸ. ಮುಕ್ತ ತಂತ್ರಾಂಶವಾದ ಲಿಬ್‌ಲೂಯಿಯಲ್ಲಿ ಈ ಸೌಲಭ್ಯ ಆಗಲೇ ಇದೆ. ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಇಲ್ಲವೆಂದರೆ ಏನನ್ನೋಣ?

ಇದರಿಂದ ಹೆಚ್ಚು ಅನುಕೂಲವಾಗುವುದು ಕರಡು ತಿದ್ದುವವರಿಗೆ. ದೃಷ್ಟಿಯುಳ್ಳ ಶಿಕ್ಷಕರು ತೆರೆಯ ಮೇಲೆ ನೋಡಿ, ಅಂಧ ಸಹೋದ್ಯೋಗಿ ಚುಕ್ಕೆಗಳು ಮೇಲೆದ್ದು ಬರುವ ಬ್ರೈಲ್ ಡಿಸ್‌ಪ್ಲೇ ಮೇಲೆ ಬೆರಳಾಡಿಸಿ, ಒಂದೇ ಕಡತವನ್ನು ಓದಬಹುದು. ತಪ್ಪಾದ ಕೋಶವನ್ನೇ (ಒಂದು ವಿನ್ಯಾಸದ ಚುಕ್ಕೆಗಳ ಗುಂಪನ್ನೇ) ನಕಲಿಸಿ ಇಮೇಲಿಗೆ ಅಂಟಿಸಬಹುದು. ಈಗಲಾದರೋ ‘1-2-4-6 ಇರಬೇಕಿತ್ತು, 1-4-6 ಬಂದಿದೆ’ ಎಂದು ಒಂದೊಂದನ್ನೂ ಬಿಡಿಸಿ ಬರೆಯುವ ಪಾಡು.

ತಯಾರಕರು ಗಮನಿಸಬೇಕಾದ ತೊಡಕೊಂದಿದೆ. ಯೂನಿಕೋಡಿನಲ್ಲಿ ಚುಕ್ಕೆಯಿಲ್ಲದ ಖಾಲಿ ಕೋಶಕ್ಕೂ ಪ್ರತ್ಯೇಕ ಸಂಕೇತವಿದೆ, ಅದು ಮಾಮೂಲಿ ಸ್ಪೇಸ್ ಅಲ್ಲ. ಪದಗಳ ನಡುವೆ ಅದನ್ನೇ ತುಂಬಿದರೆ ಇಡೀ ಸಾಲನ್ನು ಒಂದೇ ಪದವೆಂದು ಎಣಿಸುವ ಪ್ರೋಗ್ರಾಮುಗಳಿವೆ. ಎರಡರಲ್ಲಿ ಯಾವುದು ಬೇಕೆಂಬ ಆಯ್ಕೆ ಬಳಕೆದಾರರ ಕೈಯಲ್ಲಿರಲಿ.

ಬಿಆರ್‌ಎಫ್ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ, ಹಳೆಯ ಎಂಬಾಸರ್‌ಗಳಿಗೆ ಅದೇ ಬೇಕು. ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕೋಶಕ್ಕೆ ಒಂದರ ಬದಲು ಮೂರು ಬೈಟ್ ಹಿಡಿಯುತ್ತದೆಂಬ ತಕರಾರೂ ಇದೆ. ಮೊಬೈಲಿನಲ್ಲಿ ದೊಡ್ಡ ದೊಡ್ಡ ಫೋಟೋ ಕಳಿಸಿಕೊಳ್ಳುವ ಈ ಕಾಲದಲ್ಲಿ ಅದೊಂದು ನೆಪವಷ್ಟೆ.

ತಂತ್ರಾಂಶ ಕೊಳ್ಳುವ ಶಾಲೆ, ಗ್ರಂಥಾಲಯ, ಬ್ರೈಲ್ ಮುದ್ರಣಾಲಯಗಳು ಖರೀದಿಯ ಷರತ್ತುಗಳಲ್ಲಿ ‘ಯೂನಿಕೋಡ್ ಔಟ್‌ಪುಟ್ ಕಡ್ಡಾಯ’ ಎಂಬ ಒಂದು ಸಾಲು ಸೇರಿಸಲಿ. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂಬ ಉತ್ತರ ಬಂದರೆ, ಹಣವನ್ನೂ ಮುಂದಿನ ಆವೃತ್ತಿಗೇ ಕೊಡುತ್ತೇವೆ ಎನ್ನಲಿ.

– ಬ್ರೈಲ್ ಪಠ್ಯಪುಸ್ತಕಗಳ ಕರಡು ತಿದ್ದುವ ಓದುಗ